ಮುತ್ತಯ್ಯನ ಎಡಮಗ್ಗುಲು

ಕಣ್ಣೊಂದು ಇಟ್ಟುಬಿಟ್ಟರೆ ಆಯಿತು ಎಂದು ಶಾಂತಕುಮಾರಿ ಎದ್ದಾಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುತ್ತಲೇ ಬಾಗಿಲಿಗೆ ನೀರು ಹಾಕಿದಳು, ಗಂಡನ ಡಬ್ಬಿಗೆ ಚಿತ್ರಾನ್ನ ತುಂಬಿದಳು, ಹೊಟ್ಟೆನೋವು ಎಂದು ಅಂಗನವಾಡಿ ತಪ್ಪಿಸಿಕೊಂಡ ಮಗಳ ಹೊಟ್ಟೆಯ ಮೇಲೆ ಕೈಯಾಡಿಸಿ ಇಲ್ಲದ ನೋವನ್ನು ಒಪ್ಪಿಕೊಂಡಳು. ಕಿಟಕಿಯ ಕಟ್ಟೆಯ ಮೇಲೆ, ಟೀವಿಯ ಪಕ್ಕದಲ್ಲಿ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ, ಎಲ್ಲಿ ನೋಡಿದರೂ ಮರದ ಎತ್ತುಗಳು. ಗಾಲಿ ಕೂಡಿಸಿಯಾಗಿತ್ತು, ಮೂಗಿಗೆ ದಾರ ಪೋಣಿಸಿಯಾಗಿತ್ತು, ಎಣ್ಣೆ ತಿಕ್ಕಿ ಆರಿಸಿಯೂ ಆಗಿತ್ತು. ಕಣ್ಣು ಮಾತ್ರ ಇರಲಿಲ್ಲ. ಕಾದ ಕಂಬಿಯ ತುದಿಯನ್ನು ಒಂದು ಗಳಿಗೆ ಒತ್ತಿ ತೆಗೆದರೆ ಕಣ್ಣು. ಎಣ್ಣೆಗೆ ಮುಂಚೆಯೇ, ಮೈಮೇಲಿನ ಮಚ್ಚೆ ಸುಟ್ಟಾಗಲೇ ಇಡಬೇಕಾದದ್ದು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮೊನ್ನೆ ಕಂಬಿ ಕಾಯಿಸುವ ಹೊತ್ತಿಗೆ ಹಾಲು ಉಕ್ಕಿತು, ನಿನ್ನೆ ಕರೆಂಟು ಹೋಯಿತು, ಹೀಗೆ ಒಂದೊಂದು ನೆಪ ತಾನಾಗಿ ಬಂದು ಅವಳ ಕೈ ಹಿಡಿದಿತ್ತು. ಇವತ್ತು ನೆಪಗಳೆಲ್ಲ ಮುಗಿದಿದ್ದವು. ಸಂಜೆ ನಾಲ್ಕರೊಳಗೆ ಅಷ್ಟೂ ಎತ್ತುಗಳು ಸೋಮಶೇಖರಪ್ಪನವರ ನರ್ಸರಿ ಶಾಲೆ ಸೇರಬೇಕು. ನಾಳೆ ಅಲ್ಲಿ ಹೊಸ ಆಟದ ಕೋಣೆ ತೆರೆಯುತ್ತಾರೆ. ಇದೊಂದು ನೆಟ್ಟಗಾದರೆ ಊರಿನ ಉಳಿದ ಶಾಲೆಗಳೂ ಕೇಳುತ್ತವೆ, ಪಡಸಾಲೆಯ ಮೂಲೆಯಲ್ಲಿ ನಡೆಯುತ್ತಿರುವುದು ಒಂದು ಕಸುಬು ಅನ್ನಿಸಿಕೊಳ್ಳುತ್ತದೆ. ಆಗದಿದ್ದರೆ ಇದು ಶಾಂತಕುಮಾರಿಯ ಹುಚ್ಚು ಎಂದು ಬೀದಿಯವರು ಇಟ್ಟ ಹೆಸರೇ ನಿಲ್ಲುತ್ತದೆ.

ಹುಚ್ಚು ಶುರುವಾದದ್ದು ಗಂಡನ ಗೂಡ್ಸ್ ಆಟೋದಿಂದ. ಚಳ್ಳಕೆರೆಯಿಂದ ಎಣ್ಣೆ ಡಬ್ಬಗಳನ್ನು ಹೇರಿಕೊಂಡು ಮೊಳಕಾಲ್ಮೂರಿಗೆ ಹೋಗುವ ಮಾರುತೇಶನಿಗೆ ಬರುವಾಗ ಗಾಡಿ ಖಾಲಿ ಬಂದರೆ ಊಟ ಸೇರದು. ಒಂದು ಸಲ ಯಾರೋ ಬಿಚ್ಚಿ ಹಾಕಿದ ಕೈಮಗ್ಗವೊಂದರ ಮರವನ್ನೇ ತುಂಬಿಕೊಂಡು ಬಂದ. ಆ ಮನೆಯ ಮುದುಕಿ ಮರಕ್ಕೆ ಕುಂಕುಮ ಇಟ್ಟು, ತನ್ನ ತೆಲುಗಿನಲ್ಲಿ ಪೊಯ್ಯಿಲೋ ಪೆಟ್ಟೊದ್ದು ನಾಯನಾ, ಒಲೆಗೆ ಮಾತ್ರ ಇಡಬೇಡಪ್ಪ ಎಂದು ಅವನ ಕೈ ಹಿಡಿದಿದ್ದಳಂತೆ. ಒಲೆಗೆ ಇಡಬಾರದ ಮರವನ್ನು ಏನು ಮಾಡುವುದು? ಅದು ಹಿತ್ತಿಲಲ್ಲಿ ಬಿದ್ದಿತ್ತು. ಶಾಂತಕುಮಾರಿ ಬಟ್ಟೆ ಒಗೆಯುವಾಗ ಅದರ ಮೇಲೆ ಕೂರುತ್ತಿದ್ದಳು. ನೇಯ್ದ ಸೀರೆ ಸುತ್ತಿ ಸುತ್ತಿ ನುಣುಪಾದ ದುಂಡನೆಯ ದಿಂಡು. ಕೂತಲ್ಲಿಂದಲೇ ಒಂದು ದಿನ ಅವಳಿಗೆ ಅದನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿದರೆ ಗಾಲಿಗಳು ಎಂದು ಹೊಳೆಯಿತು. ಮಹಿಳಾ ಸಂಘದವರು ಕೊಡಿಸಿದ ತರಬೇತಿಯಲ್ಲಿ ಉಳಿ ಹಿಡಿಯುವುದನ್ನೂ ಕೊರೆಯುವ ಮಿಷನ್ ಓಡಿಸುವುದನ್ನೂ ಕಲಿತಳು. ಕರೆಂಟು ತಂತಿಗೆ ತಾಗುತ್ತವೆಂದು ಕಡಿದು ಬೀದಿಗೆ ಎಸೆದ ಬೇವಿನ ಕೊಂಬೆಗಳನ್ನು ಮಗಳ ಕೈ ಹಿಡಿದುಕೊಂಡೇ ಎಳೆದು ತಂದಳು. ಒಂದು ಮರವನ್ನೂ ಕಡಿಸದೆ, ಒಂದು ಚೂರು ಪ್ಲಾಸ್ಟಿಕ್ ಸೇರಿಸದೆ ಆಟಿಕೆ. ಮೊದಲು ಮಾಡಿದ ಕುರಿಗಳಿಗೆ ಊರಿನ ಅಭಿಮಾನದಿಂದ ಕಡಲೆಕಾಯಿ ಎಣ್ಣೆಯನ್ನೇ ತಿಕ್ಕಿದ್ದಳು. ಎಣ್ಣೆ ಮಿಲ್ಲುಗಳ ಊರಲ್ಲಿ ಬಾಗಿಲಿನ ಚಿಲಕಕ್ಕೂ ಅದೇ, ಮಗುವಿನ ನೆತ್ತಿಗೂ ಅದೇ. ಕುರಿಗಳು ಒಣಗಲೇ ಇಲ್ಲ. ಹಿಡಿದವರ ಕೈಗೆಲ್ಲ ಅಂಟಿ, ಮೂರನೆಯ ದಿನಕ್ಕೆ ಹಳೆಯ ಬೋಂಡದ ವಾಸನೆ ಬಂದು, ಇರುವೆಗಳು ಅವನ್ನು ಹಬ್ಬದ ಹಾಗೆ ಸುತ್ತುವರಿದವು. ಮಾರುತೇಶ್ ಒಂದು ಕುರಿಯನ್ನು ಮೂಸಿ, ಚಟ್ನಿ ಎಲ್ಲೈತೆ ಎಂದು ಕೇಳಿದ್ದ. ಆಮೇಲೆ ಅಗಸೆ ಎಣ್ಣೆ ಬಂತು, ಜೇನುಮೇಣ ಬಂತು, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿ, ಆಧಾರ್ ಮಿಷನ್ನು ಇವಳು ಶಾಂತಕುಮಾರಿ ಅಲ್ಲ ಎಂದು ಹೇಳುವ ಹಂತವೂ ಬಂತು.

ಕಂಬಿ ಕೆಂಪಗಾಯಿತು. ಅವಳು ಕೈಗೆ ಸಿಕ್ಕ ಎತ್ತನ್ನು ಮಡಿಲಲ್ಲಿಟ್ಟುಕೊಂಡು ಮುಖ ತಿರುಗಿಸಿಯೇ ಒತ್ತಿದಳು. ಮೇಣ ಸುಟ್ಟ ಸಣ್ಣ ಹೊಗೆ ಎದ್ದಿತು. ನೋಡಿದರೆ ಎತ್ತು ಆಗಲೇ ಅವಳನ್ನು ನೋಡುತ್ತಿತ್ತು. ಸೋಮಶೇಖರಪ್ಪನವರ ಟೇಬಲ್ಲಿನ ಮೇಲೆ ಮೊದಲ ಸಲ ಕುರಿ, ಕೋಳಿ, ಎತ್ತು ಮೂರನ್ನೂ ಇಟ್ಟು ನಿಂತಾಗ ಅವರು ಕೂರಲು ಹೇಳಿರಲಿಲ್ಲ. ಕುರಿಯನ್ನು ಎತ್ತಿ ತಲೆಕೆಳಗು ಮಾಡಿ, ಟೇಬಲ್ಲಿಗೆ ಕುಟ್ಟಿ ನೋಡಿ, ಇದು ನಾಯಿನಾ ಎಂದು ಕೇಳಿದ್ದರು. ಫೈಲು ಹಿಡಿದು ನಿಂತಿದ್ದ ಗುಮಾಸ್ತ ನಕ್ಕಿದ್ದ. ಅವಳೂ ನಕ್ಕಿದ್ದಳು, ಯಾಕೆ ನಕ್ಕೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ತನ್ನನ್ನು ಕೇಳಿಕೊಂಡಿದ್ದಳು. ತನ್ನ ಕುರಿಯನ್ನು ನಾಯಿ ಎಂದವರ ಜೊತೆ ತಾನೂ ಸೇರಿ ನಕ್ಕಿದ್ದು ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗ ತಾನೇ ಸಾರಿ ಹೇಳಿದ ಹಾಗಿತ್ತು. ಆದರೆ ಎತ್ತನ್ನು ಕೈಗೆತ್ತಿಕೊಂಡ ಮೇಲೆ ಟೇಬಲ್ಲಿಗೆ ಕುಟ್ಟಿರಲಿಲ್ಲ. ಎಡಗೊಂಬು ಕಿವಿಯ ಕಡೆಗೆ ಬಾಗಿದ ಎತ್ತು, ಕಿವಿಯಂಚು ಒಂದಿಷ್ಟು ಹರಿದದ್ದು, ಹೆಗಲ ಕೆಳಗೆ ಅಂಬಲಿ ಚೆಲ್ಲಿದ ಹಾಗೆ ಒಂದು ಕಪ್ಪು ಮಚ್ಚೆ. ನೋಡಮ್ಮ, ಇದಕ್ಕೆ ಮುಖ ಐತೆ, ಎಂದಿದ್ದರು. ಕುರಿ ಕೋಳಿ ಬಿಡು, ಎಲ್ಲಾ ಇದನ್ನೇ ಮಾಡು. ಊರಾಚೆ ದನ ಮೇಯೋ ಕಾವಲಿನ ಕಡೆ ಹೊಸದಾಗಿ ಬಂದಿರೋ ದೊಡ್ಡ ದೊಡ್ಡ ಆಫೀಸಿನೋರ ಮಕ್ಕಳು ಬರ್ತಾವೆ, ಅವರಪ್ಪ ಅಮ್ಮ ಪ್ಲಾಸ್ಟಿಕ್ ಅಂದ್ರೆ ಮೂಗು ಮುರೀತಾರೆ. ಆ ಕ್ಷಣದಲ್ಲಿ ಹೇಳಬಹುದಿತ್ತು. ಸಾರ್, ಇದೊಂದು ಬೇಡ, ಬೇರೆ ಎತ್ತು ಮಾಡ್ತೀನಿ, ಅನ್ನಬಹುದಿತ್ತು. ಅವಳು ಹೂಂ ಸಾರ್ ಎಂದು, ಕುರಿಯನ್ನೂ ಕೋಳಿಯನ್ನೂ ಸೆರಗಿನಡಿ ಇಟ್ಟುಕೊಂಡು ಬಂದುಬಿಟ್ಟಿದ್ದಳು.

ಬೇರೆ ಎತ್ತು ಮಾಡಲು ಆಮೇಲೆ ಕೂತದ್ದೂ ನಿಜ. ಪೇಪರಿನ ಮೇಲೆ ನೆಟ್ಟ ಕೊಂಬಿನ, ಹರಿಯದ ಕಿವಿಯ, ಪಂಚಾಂಗದಲ್ಲಿ ಇರುವಂಥ ಎತ್ತನ್ನು ಬರೆದಳು. ಮರದ ಮೇಲೆ ಉಳಿ ಇಟ್ಟರೆ ಕೈ ಆ ಪೇಪರಿನ ಮಾತು ಕೇಳಲಿಲ್ಲ. ಉಳಿ ಎಡಗೊಂಬಿನ ಹತ್ತಿರ ಬರುವಾಗ ತಾನಾಗಿ ಕೆಳಗೆ ಬಾಗುತ್ತಿತ್ತು, ಮನೆ ದಾರಿ ಕಂಡ ದನದ ಹಾಗೆ. ಅವಳಿಗೆ ನೋಡಿ ಗೊತ್ತಿದ್ದದ್ದು ಅದೊಂದೇ ಎತ್ತು.

ಫೋನು ಬಡಿದುಕೊಂಡಿತು. ಮಾರುತೇಶ್. ಗಾಡಿಯ ಸದ್ದಿನ ನಡುವೆ ಅವನು ಹೇಳಿದ್ದಿಷ್ಟು: ಮಾವ ಪಶು ಆಸ್ಪತ್ರೆ ಹತ್ತಿರ ಸಿಕ್ಕಿದ್ರು, ಕರುವಿಗೆ ಔಷಧಿ ತಗೊಳ್ಳೋಕೆ ಬಂದವ್ರೆ, ಮೊಮ್ಮಗಳನ್ನ ನೋಡ್ಕೊಂಡು ಹೋಗ್ತೀನಿ ಅಂದ್ರು, ಆಟೋ ಹತ್ತಿಸ್ತೀನಿ ಅಂದ್ರೆ ಬೇಡ ಅಂತ ನಡ್ಕೊಂಡೇ ಬರ್ತವ್ರೆ.

ಅಪ್ಪ ಬೋರಣ್ಣ ಅವಳ ಮನೆಗೆ ಬರುವುದು ವರ್ಷಕ್ಕೊಮ್ಮೆಯೂ ಇಲ್ಲ. ದೊಡ್ಡಉಳ್ಳಾರ್ತಿ ಕಡೆಯ ಹಟ್ಟಿಯಲ್ಲಿ ಅವನು ಕಿಲಾರಿ, ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಮಂದೆಯ ಹಸುಗಳ ಹಾಲು ಕರೆಯುವಂತಿಲ್ಲ, ಎಂಥ ಕಾಲ ಬಂದರೂ ಒಂದು ಕರುವನ್ನೂ ಮಾರುವಂತಿಲ್ಲ. ಅವು ದೇವರವು, ಅಪ್ಪ ಅವುಗಳವನು. ಕಿಲಾರಿಯಾದ ಮೇಲೆ ಅವನು ಮಂಚದ ಮೇಲೆ ಮಲಗಿದ್ದಿಲ್ಲ, ಕುರ್ಚಿಯ ಮೇಲೆ ಕೂತದ್ದಿಲ್ಲ, ಮಗಳ ಮದುವೆಯ ದಿನವೂ ಧಾರೆ ಮುಗಿದದ್ದೇ ತಡ, ದನ ಬಿಡೋ ಹೊತ್ತಾಯ್ತು ಎಂದು ಎದ್ದು ಹೋಗಿದ್ದ. ಆ ಮಂದೆಗೆಲ್ಲ ಹಿರಿಯ ಮುತ್ತಯ್ಯ. ಎಡಗೊಂಬು ಬಾಗಿದ, ಕಿವಿ ಹರಿದ, ಹೆಗಲ ಕೆಳಗೆ ಅಂಬಲಿ ಚೆಲ್ಲಿದ ಮಚ್ಚೆಯ ಮುತ್ತಯ್ಯ.

ಶಾಂತಕುಮಾರಿ ಎದ್ದಳು. ಯಾಕೆ ಎದ್ದೆ ಎಂದು ಯೋಚಿಸುವ ಮೊದಲೇ ಮಂಚದ ಮೇಲಿನ ಹೊದಿಕೆಯನ್ನು ಎಳೆದು, ಎತ್ತುಗಳನ್ನೆಲ್ಲ ಮೂಲೆಗೆ ಸೇರಿಸಿ, ಅದನ್ನು ಹೊದಿಸತೊಡಗಿದಳು. ಟೀವಿ ಹತ್ತಿರದವು, ಅಕ್ಕಿ ಡಬ್ಬದವು, ಕಿಟಕಿಯವು. ಕಿಟಕಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಜಯಕ್ಕ ಬಗ್ಗಿ ನೋಡಿ, ಏನವ್ವ ಶಾಂತಾ, ಎತ್ತುಗಳಿಗೂ ಜ್ವರ ಬಂತಾ, ಹೊದಿಸ್ತಾ ಇದೀಯ, ಎಂದಳು. ಧೂಳು ಕಣಕ್ಕ, ಎಂದಳು ಶಾಂತಕುಮಾರಿ. ನಿಮ್ಮನೇಲಿ ಧೂಳಿಲ್ಲದ ಜಾಗ ಯಾವುದೈತೆ ತೋರ್ಸು, ಅಲ್ಲಿಗೆ ಬಂದು ಕೂರ್ತೀನಿ, ಎಂದು ಜಯಕ್ಕ ಒಗೆದ ಲಂಗವನ್ನು ಪಟ್ಟೆಂದು ಒದರಿದಳು. ಮಗಳು ಜ್ಯೋತಿಲಕ್ಷ್ಮಿ ಹೊಟ್ಟೆನೋವು ಮರೆತು ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದಳು. ನಾಲ್ಕು ವರ್ಷದ ಮಗು ಏನನ್ನೂ ಕೇಳದೆ ನೋಡುತ್ತಿದ್ದರೆ ಶಾಂತಕುಮಾರಿಗೆ ಇನ್ನಷ್ಟು ಗಲಿಬಿಲಿ. ಮರಕ್ಕೆ ಮಾರಬಾರದು ಎನ್ನುವ ಕಟ್ಟಳೆಯೆಲ್ಲ ಲೆಕ್ಕ ಇಲ್ಲ ಎಂದು ಅವಳು ಎಷ್ಟೋ ಸಲ ಹೇಳಿಕೊಂಡಿದ್ದಳು. ಬೀದಿಯಲ್ಲಿ ಬಿದ್ದ ಬೇವಿನ ಕೊಂಬೆ, ಅದು ಬಾಗಿದರೆ ಅದರ ಇಷ್ಟ. ಆದರೆ ಲೆಕ್ಕ ಇಲ್ಲದ್ದಕ್ಕೆ ಹೊದಿಕೆ ಯಾಕೆ? ಹೊದಿಕೆಯ ಅಂಚಿನಿಂದ ಒಂದು ದಾರದ ತುದಿ ಹೊರಗೆ ಕಾಣುತ್ತಿತ್ತು. ಕಾಲಿನಿಂದ ಒಳಗೆ ತಳ್ಳಿದಳು. ತಳ್ಳಿದ ಮೇಲೆ ಕಾಲಿನಿಂದ ತಳ್ಳಿದೆನಲ್ಲ ಎಂದು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡದ್ದನ್ನು ಕಂಡು ತನಗೇ ನಗು ಬಂತು. ಅಲ್ಲಿಗೆ ಲೆಕ್ಕ ಇಲ್ಲ ಎನ್ನುವ ಮಾತೂ ಮುಗಿಯಿತು.

ಬೋರಣ್ಣ ಬಂದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಟವಲಿನ ತುದಿಯಲ್ಲಿ ಕಟ್ಟಿದ್ದ ಕಾರೆ ಹಣ್ಣನ್ನು ಬಿಚ್ಚುತ್ತಲೇ ಒಳಗೆ ಬಂದು ನೆಲದ ಮೇಲೆ ಕೂತ. ಅವನು ಕೂತರೆ ಮನೆಯ ಕುರ್ಚಿಗಳೆಲ್ಲ ಸುಮ್ಮನೆ ದೊಡ್ಡವಾಗಿ ಕಾಣುತ್ತವೆ. ನೀರು ಕುಡಿದ. ಊಟ ಎಂದರೆ, ಬುತ್ತಿ ತಂದಿದ್ದೆ, ಉಂಡೆ, ಎಂದ. ಕರುವಿಗೆ ಕಾಲು ಊದಿದೆ ಎಂದ. ಮೊದಲಾದರೆ ಕಾವಲಿನಲ್ಲಿ ನೇರ ಹೋಗುತ್ತಿದ್ದ ದಾರಿಗೆ ಈಗ ಆಫೀಸುಗಳ ಕಾಂಪೌಂಡು ಬಂದು ದನಗಳು ಕಲ್ಲಿನ ಮೇಲೆ ಸುತ್ತಿ ಬಳಸಿ ನಡೆಯಬೇಕು ಎಂದ. ಸಿಟ್ಟಿಲ್ಲದೆ, ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದ. ಶಾಂತಕುಮಾರಿ ಹೂಂ ಎನ್ನುತ್ತಾ ಮೂಲೆಯ ಹೊದಿಕೆಗೆ ಬೆನ್ನು ಕೊಟ್ಟು ಕೂತಿದ್ದಳು. ಇನ್ನೊಂದಿಷ್ಟು ಹೊತ್ತು, ಆಮೇಲೆ ಬಸ್ಸಿನ ಹೊತ್ತಾಗುತ್ತದೆ, ಅಪ್ಪ ಎದ್ದು ಹೋಗುತ್ತಾನೆ. ಹೆತ್ತಪ್ಪ ಬೇಗ ಹೋಗಲಿ ಎಂದು ಕಾಯುತ್ತಿದ್ದೇನೆ ಎನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಕಾರೆ ಬೀಜದ ಹಾಗೆ ಅವಳನ್ನು ಕಾಡಿತು. ಅಷ್ಟರಲ್ಲಿ ಹಿಂದಿನಿಂದ ಕಟಕಟ ಸದ್ದು. ಜ್ಯೋತಿಲಕ್ಷ್ಮಿ ಹೊದಿಕೆಯಡಿ ಕೈ ಹಾಕಿ ಒಂದನ್ನು ಎಳೆದುಕೊಂಡು ಪಡಸಾಲೆಯ ನಡುವೆ ಬರುತ್ತಿದ್ದಳು. ತಾತನ ಮುಂದೆ ನಿಲ್ಲಿಸಿ, "ತಾತ, ಮುತ್ತಯ್ಯ ಬಂದ," ಎಂದಳು.

ಮಗುವಿಗೆ ಮಲಗಿಸುವಾಗ ಹೇಳಿದ ಕಥೆಗಳೆಲ್ಲ ಇವತ್ತಿಗೇ ಕಾದಿದ್ದವು. ಬೋರಣ್ಣನ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಅವನು ಎದ್ದುನಿಂತ. ಹೆಗಲ ಮೇಲಿನ ಟವಲು ತೆಗೆದು ಸೊಂಟಕ್ಕೆ ಸುತ್ತಿ, ಒಂದು ಗೇಣು ಎತ್ತರದ ಎತ್ತಿಗೆ ಬಗ್ಗಿ ಕೈಮುಗಿದ. ಅದು ಅಭ್ಯಾಸದಿಂದ ಆದದ್ದು. ಆದ ಮೇಲೆ ಅವನಿಗೇ ಒಂಥರಾ ಆಗಿ, ಕೆಮ್ಮಿ, ಮಗಳ ಕಡೆ ನೋಡಿದ. ಶಾಂತಕುಮಾರಿ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಹೊದಿಕೆ ತೆಗೆದಳು. ಮೂಲೆಯ ತುಂಬಾ ಮುತ್ತಯ್ಯ. ಕೆಲವಕ್ಕೆ ಕಣ್ಣು ಬಂದಿತ್ತು, ಕೆಲವಕ್ಕೆ ಇರಲಿಲ್ಲ. ಒಂದರ ಮೇಲೊಂದು ಬಿದ್ದು, ಗಾಲಿಗಳು ಮೇಲಾಗಿ, ಸಂತೆಯಲ್ಲಿ ಮಾರಿದ ದನಗಳನ್ನು ಲಾರಿಯಲ್ಲಿ ತುಂಬಿದ ಹಾಗಿದ್ದವು. ಅದನ್ನು ನೋಡಿ ಅವಳೇ ಒಂದೆರಡನ್ನು ಬೇಗ ಬೇಗ ನಿಲ್ಲಿಸಿದಳು.

"ಗಾಲಿ ಬೇರೆ," ಎಂದ ಬೋರಣ್ಣ. "ಇನ್ನು ಇವನ ಹಿಂದೆ ನಾನು ಓಡ್ದಂಗೇ ಐತೆ."

ಅದು ತಮಾಷೆಯೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಅಪ್ಪ ಎಂದೂ ಬೈದವನಲ್ಲ. ಬೈಯದವರ ಮನೆಯಲ್ಲಿ ಬೆಳೆದವರಿಗೆ ಎಲ್ಲ ಮಾತಿನಲ್ಲೂ ಬೈಗುಳ ಹುಡುಕುವ ಚಟ. ಅವಳು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಶಾಲೆಯ ವಿಷಯ, ಹೊಸ ಕೋಣೆಯ ವಿಷಯ, ಕುರಿಯನ್ನು ನಾಯಿ ಎಂದದ್ದು, ಕೈ ಮಾತು ಕೇಳದೆ ಹೋದದ್ದು. ಮಗ್ಗದ ಮರದ ವಿಷಯವನ್ನೂ ಹೇಳಿದಳು, ಅದರಿಂದೇನಾದರೂ ತಪ್ಪು ಕಡಿಮೆಯಾಗುತ್ತದೋ ಎಂಬಂತೆ. ಬೋರಣ್ಣ ಪೂರ್ತಿ ಕೇಳಿದ. ಕೇಳಿ ಒಂದನ್ನೇ ಕೇಳಿದ.

"ಮಕ್ಕಳಿಗೆ ಕೊಡ್ತೀಯಾ, ಮಾರ್ತೀಯಾ?"

ಕೊಡ್ತೀನಿ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂತು. ಎಷ್ಟು ಸುಲಭದ ಮಾತು. ಸೋಮಶೇಖರಪ್ಪನವರ ಟೇಬಲ್ಲಿನ ಮುಂದೆ ಹೂಂ ಸಾರ್ ಅಂದಷ್ಟೇ ಸುಲಭ. ಆದರೆ ಆ ಸುಲಭದ ಮಾತು ಆಡಿದರೆ ಈ ಉಳಿ, ಈ ಉಪ್ಪುಕಾಗದ, ಮಗಳು ಮಲಗಿದ ಮೇಲೆ ಗಾಲಿಗೆ ತೂತು ಕೊರೆದ ಈ ಎಲ್ಲ ಮಧ್ಯಾಹ್ನಗಳು ಏನೂ ಅಲ್ಲ, ಹೊತ್ತು ಹೋಗದ ಹೆಂಗಸಿನ ಹುಚ್ಚು ಎಂದು ತಾನೇ ಹೇಳಿದ ಹಾಗೆ.

"ಮಾರ್ತೀನಿ ಅಪ್ಪ," ಎಂದಳು.

ಬೋರಣ್ಣ ಮತ್ತೆ ನೆಲದ ಮೇಲೆ ಕೂತ. ಮೊಮ್ಮಗಳ ಕೈಯಿಂದ ದಾರ ಬಿಡಿಸಿಕೊಂಡು ಎತ್ತನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾಗಿದ ಕೊಂಬನ್ನು ಹೆಬ್ಬೆರಳಿನಿಂದ ಸವರಿದ. ಹರಿದ ಕಿವಿಯನ್ನು ಮುಟ್ಟಿ, ಇದು ಕಾರೆ ಮುಳ್ಳಿಗೆ ಹರಿದಿದ್ದು, ನೀನಾಗ ಇಷ್ಟುದ್ದ ಇದ್ದೆ ಎಂದ. ಮಚ್ಚೆಯ ಮೇಲೆ ಬೆರಳಾಡಿಸಿದ. ಅವನ ಮುಖದಲ್ಲಿ ಅವಳು ಎಂದೂ ಕಾಣದ ಏನೋ ಮೆಲ್ಲಗೆ ಬರುತ್ತಿತ್ತು. ಅವಳ ಕೈಕೆಲಸವನ್ನು ಯಾರೂ ಹೀಗೆ ನೋಡಿರಲಿಲ್ಲ. ಆಮೇಲೆ ಅವನು ಎತ್ತನ್ನು ಆ ಕಡೆ ತಿರುಗಿಸಿದ. ತಿರುಗಿಸಿ, ಹುಬ್ಬು ಗಂಟಿಕ್ಕಿ, ಬೆಳಕಿಗೆ ಹಿಡಿದ. ಮೂಲೆಯಿಂದ ಇನ್ನೊಂದನ್ನು ತರಿಸಿ ಅದನ್ನೂ ತಿರುಗಿಸಿದ.

"ಈ ಕಡೆ ಯಾರಮ್ಮ ಇದು?"

ಅವಳಿಗೆ ಅರ್ಥವಾಗಲಿಲ್ಲ. ಬೋರಣ್ಣ ಎತ್ತನ್ನು ಅವಳ ಮುಂದಕ್ಕೆ ಹಿಡಿದ. ಬಲಮಗ್ಗುಲಲ್ಲಿ, ತೊಡೆಯ ಹತ್ತಿರ, ಕಂಬಿಯಿಂದ ಸುಟ್ಟ ಎರಡು ಅಡ್ಡ ಪಟ್ಟೆ. ಯಾವಾಗ ಹಾಕಿದೆ? ಜಯಕ್ಕನ ಕಾಂಪೌಂಡಿನ ಮೇಲೆ ದಿನಾ ಬಿಸಿಲಿಗೆ ಬಿದ್ದುಕೊಳ್ಳುವ ಬೆಕ್ಕಿನ ಮೈಮೇಲೆ ಅಂಥವೇ ಪಟ್ಟೆ ಇವೆ. ಎತ್ತಿನ ಆ ಕಡೆ ಬೋಳಾಗಿ ಕಂಡಿತೆಂದು, ಕಣ್ಣೆದುರು ಇದ್ದದ್ದನ್ನು ಕೈ ಎತ್ತಿಕೊಂಡು ಹಾಕಿಬಿಟ್ಟಿತ್ತು. ಒಂದಕ್ಕೆ ಹಾಕಿದ ಮೇಲೆ ಎಲ್ಲಕ್ಕೂ. ಪಕ್ಕದ ಮನೆ ಬೆಕ್ಕಿಂದು ಅಪ್ಪ, ಎಂದಳು.

"ದೇವರ ಎತ್ತಿಗೆ ಬೆಕ್ಕಿನ ಪಟ್ಟೆ," ಎಂದು ಬೋರಣ್ಣ ನಕ್ಕ. ನಕ್ಕಾಗ ಅವನ ಹೆಗಲು ಮಾತ್ರ ಅಲುಗುತ್ತದೆ, ಸದ್ದು ಬರುವುದಿಲ್ಲ.

ಶಾಂತಕುಮಾರಿ ಆ ಪಟ್ಟೆಗಳನ್ನೇ ನೋಡುತ್ತಾ ಕೂತಳು. ಹಟ್ಟಿಯ ಹೆಣ್ಣುಮಕ್ಕಳು ದೇವರ ಎತ್ತುಗಳನ್ನು ಕೂಡುವ ರೊಪ್ಪದ ಒಳಗೆ ಕಾಲಿಡುವಂತಿಲ್ಲ. ಅವಳು ನಿಲ್ಲುತ್ತಿದ್ದದ್ದು ಮುಳ್ಳುಬೇಲಿಯ ಹೊರಗೆ, ಒಂದು ಬಂಡೆಯ ಮೇಲೆ. ಸಂಜೆ ಧೂಳೆಬ್ಬಿಸಿಕೊಂಡು ಮಂದೆ ಬರುವುದು, ಮುಂದೆ ಮುತ್ತಯ್ಯ, ಬಂಡೆಯನ್ನು ದಾಟುವಾಗ ಒಂದು ಗಳಿಗೆ ನಿಂತಂತೆ ಮಾಡಿ, ತಿರುಗಿ ರೊಪ್ಪದ ಬಾಯಿಗೆ ಹೋಗುವುದು. ಪ್ರತಿ ಸಂಜೆಯೂ ಅವನ ಎಡಮಗ್ಗುಲು ಅವಳ ಮುಂದೆ ಹಾದುಹೋಗುತ್ತಿತ್ತು. ಬೆಳಿಗ್ಗೆ ಹೊರಡುವಾಗ ನೋಡೋಣವೆಂದರೆ ಅವಳು ಏಳುವ ಮುಂಚೆಯೇ ಮಂದೆ ಹೋಗಿರುತ್ತಿತ್ತು, ಅಪ್ಪನೂ. ಅಷ್ಟು ವರ್ಷ ನೋಡಿದ್ದೇನೆ, ಕಣ್ಣು ಮುಚ್ಚಿದರೂ ಕೆತ್ತುತ್ತೇನೆ ಎಂದುಕೊಂಡಿದ್ದ ಎತ್ತನ್ನು ಅವಳು ಅರ್ಧ ಮಾತ್ರ ನೋಡಿದ್ದಳು. ಅರ್ಧ ಎಂದು ಈವರೆಗೆ ಹೊಳೆದೂ ಇರಲಿಲ್ಲ. ಅಪ್ಪನನ್ನೂ ಹಾಗೆಯೇ ಏನೋ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು, ಮುದ್ದೆ ಉಂಡು, ಕತ್ತಲಲ್ಲಿ ಮತ್ತೆ ರೊಪ್ಪದ ಕಡೆ ಹೊರಟ ಒಬ್ಬ ಮನುಷ್ಯನ ಒಂದು ಮಗ್ಗುಲು. ಕಾವಲಿನಲ್ಲಿ ದಿನವಿಡೀ ಅವನು ಯಾರ ಜೊತೆ ಮಾತಾಡುತ್ತಾನೆ, ಹಾಡುತ್ತಾನೋ, ಯಾವುದಕ್ಕೆ ನಗುತ್ತಾನೆ, ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯಲ್ಲೆಲ್ಲ ತಾನು ಬೆಕ್ಕಿನ ಪಟ್ಟೆ ಹಾಕಿಕೊಂಡು ಬಂದಿರಬಹುದು. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಅವಳಿಗೆ ಆಗಬೇಕಿತ್ತು. ಬದಲಿಗೆ ಬಿಗಿಯಾದ ಕುಪ್ಪಸದ ಗುಂಡಿ ಬಿಚ್ಚಿದ ಹಾಗೆ ಎದೆ ಸಡಿಲವಾಗಿ, ಆ ಬಂಡೆಯ ಮೇಲೆ ನಿಂತ ಹುಡುಗಿಯ ಕುತೂಹಲವೇ ಮತ್ತೆ ಬಂದು ಕೂತಿತು.

"ಬಲಗಡೆ ಏನೈತೆ ಅಪ್ಪ?"

ಬೋರಣ್ಣ ಎತ್ತನ್ನು ನೆಲದ ಮೇಲಿಟ್ಟು ಮೊಮ್ಮಗಳ ಕಡೆ ಉರುಳಿಬಿಟ್ಟ. ಅವಳು ಹಿಡಿದು ವಾಪಸು ಉರುಳಿಸಿದಳು. ಅವನು ಮತ್ತೆ ಉರುಳಿಸಿದ. 

"ಅದೊಂದು ಕೇಳಬೇಡ," ಎಂದ ಕೊನೆಗೆ. "ಹೇಳಿದ್ರೆ ನಿನ್ನ ಕೈ ಸುಮ್ಕಿರಲ್ಲ, ಅದನ್ನೂ ಕೆತ್ತಿಬಿಡುತ್ತೆ. ಆಮೇಲೆ ಇವನು ಪೂರಾ ಅವನೇ ಆಗ್ತಾನೆ. ಮಾರೋಕಾಗಲ್ಲ."

ಅಷ್ಟು ಹೇಳಿ, ಬಸ್ಸಿನ ಹೊತ್ತಾಯ್ತು ಎಂದು ಟವಲು ಒದರಿ ಎದ್ದ. ಮಾರು ಎಂದನೇ, ಮಾರಬೇಡ ಎಂದನೇ? ಅವಳು ಬೀದಿಯ ತಿರುವಿನವರೆಗೆ ಅವನ ಜೊತೆ ನಡೆದಳು. ಅವನು ಕರುವಿನ ಕಾಲಿನ ವಿಷಯವನ್ನೇ ಮತ್ತೆ ಹೇಳಿದ. ತಿರುವಿನಲ್ಲಿ ನಿಂತು, ನಿನ್ನ ಉಳಿಗೆ ಹಿಡಿ ಸಣ್ಣದಾಯ್ತು, ಕೈ ನೋಯುತ್ತೆ ಎಂದ. ಅವನು ಉಳಿಯನ್ನು ಯಾವಾಗ ನೋಡಿದ ಎಂದು ಅವಳು ಯೋಚಿಸುತ್ತಿರುವಾಗಲೇ ಹೊರಟುಹೋದ. ಎಡಕ್ಕೆ ತಿರುಗುವ ತನಕ ಅವಳು ಅವನ ಬೆನ್ನನ್ನು ನೋಡಿದಳು.

ಮನೆಗೆ ಬಂದು ಉಳಿದ ಎತ್ತುಗಳಿಗೆಲ್ಲ ಕಣ್ಣಿಟ್ಟಳು. ಈ ಸಲ ಮುಖ ತಿರುಗಿಸದೆ ಇಟ್ಟಳು. ಎಡಗಣ್ಣು ಇಡುವಾಗ ಕೈ ಸಲೀಸಾಗಿ ಹೋಗುತ್ತಿತ್ತು. ಬಲಗಣ್ಣಿಗೆ ಬಂದಾಗ ಪ್ರತಿ ಸಲವೂ ಒಂದು ಉಸಿರು ನಿಂತು, ಇವನು ಯಾರಪ್ಪ ಎಂದು ಕೇಳಿ, ಆಮೇಲೆ ಒತ್ತುತ್ತಿದ್ದಳು. ಹಾಗಾಗಿ ಬಲಗಣ್ಣುಗಳೆಲ್ಲ ಒಂದೊಂದು ಥರ ಆದವು. ಒಂದು ತೂಕಡಿಸುತ್ತಿತ್ತು, ಒಂದು ಏನೋ ಕದ್ದು ತಿಂದ ಹಾಗಿತ್ತು, ಒಂದು ಥೇಟ್ ಜಯಕ್ಕ.

ಮಾರುತೇಶ್ ಮಧ್ಯಾಹ್ನದ ಬಾಡಿಗೆ ಮುಗಿಸಿ ಬಂದ. ಎತ್ತುಗಳನ್ನು ಬುಟ್ಟಿಗಳಲ್ಲಿ ನಿಲ್ಲಿಸಿ, ಗಾಲಿ ಅಲುಗದ ಹಾಗೆ ಹಳೆಯ ಸೀರೆ ತುರುಕಿದರು. ಮಾವ ಏನಂದ್ರು ಎಂದು ಅವನು ಕೇಳಿದ. ಬೆಕ್ಕಿನ ಪಟ್ಟೆ ಅಂದ್ರು ಎಂದಳು. ಅವನು ಅವಳ ಮುಖ ನೋಡಿ, ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಗಾಡಿ ಸ್ಟಾರ್ಟ್ ಮಾಡಿದ.

ಶಾಲೆಯ ಹೊಸ ಕೋಣೆಗೆ ಸುಣ್ಣದ ವಾಸನೆಯಿತ್ತು. ಗೋಡೆಯುದ್ದಕ್ಕೂ ಮಕ್ಕಳ ಎದೆಯೆತ್ತರಕ್ಕೆ ಮರದ ಹಲಗೆ ಹೊಡೆಸಿದ್ದರು. ವ್ಯಾನಿಗಾಗಿ ಕಾಯುತ್ತಿದ್ದ ಕೆಲವು ಮಕ್ಕಳು ಬಾಗಿಲಿಗೆ ಅಂಟಿಕೊಂಡು ನೋಡುತ್ತಿದ್ದವು. ಸೋಮಶೇಖರಪ್ಪನವರು ತಾವೇ ತೋಳು ಮಡಚಿ ಒಂದೊಂದಾಗಿ ಎತ್ತುಗಳನ್ನು ತೆಗೆದು ಹಲಗೆಯ ಮೇಲೆ ಜೋಡಿಸತೊಡಗಿದರು. ಪರವಾಗಿಲ್ಲ ಕಣಮ್ಮ, ಚೆನ್ನಾಗೈತೆ, ಎಂದರು. ಗುಮಾಸ್ತ ಪರಿಸರಸ್ನೇಹಿ ಎಂದು ಬರೆದ ಚೀಟಿಯನ್ನು ಗೋಡೆಗೆ ಅಂಟಿಸಿದ. ಎಲ್ಲ ಎತ್ತುಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವು. ಎಲ್ಲವುಗಳ ಬಾಗಿದ ಕೊಂಬೂ, ಹರಿದ ಕಿವಿಯೂ, ಮಚ್ಚೆಯೂ ಕೋಣೆಯ ಕಡೆಗೆ. ಶಾಂತಕುಮಾರಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಮುತ್ತಯ್ಯ ಬಂಡೆಯ ಮುಂದೆ ಹಾದುಹೋಗುತ್ತಲೇ ಇದ್ದ. ಆದರೆ ತಿರುಗಿ ಒಳಗೆ ಹೋಗಲು ಇಲ್ಲಿ ರೊಪ್ಪವಿರಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟಳು. ಕೇಳದೆ ಮುಂದೆ ಹೋಗಿ, ಹಲಗೆಯ ಆ ತುದಿಯಿಂದ ಒಂದೊಂದನ್ನೂ ಎತ್ತಿ ತಿರುಗಿಸಿ ಇಡತೊಡಗಿದಳು.

ಗುಮಾಸ್ತ ಸೋಮಶೇಖರಪ್ಪನವರ ಮುಖ ನೋಡಿದ.

"ಯಾಕಮ್ಮ, ಆ ಕಡೆನೇ ಲಕ್ಷಣವಾಗಿತ್ತಲ್ಲ," ಎಂದರು ಅವರು. "ಇದೇನು, ಪಟ್ಟೆ ಗಿಟ್ಟೆ."

"ಆ ಕಡೆ ನಂದಲ್ಲ ಸಾರ್," ಎಂದಳು ಶಾಂತಕುಮಾರಿ. "ನಾನು ನಿಮಗೆ ಮಾರಿರೋದು ಈ ಕಡೆ."

ಗುಮಾಸ್ತ ನಕ್ಕ. ಅವಳು ನಗಲಿಲ್ಲ. ಸೋಮಶೇಖರಪ್ಪನವರು ತಿರುಗಿಸಿಟ್ಟ ಎತ್ತುಗಳ ಕಣ್ಣುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಒಂದರ ಮುಂದೆ ನಿಂತು, ಇದು ನಮ್ಮತ್ತೆ ಥರ ಐತಲ್ಲೋ ಎಂದರು. ಅವಳು ಕೊನೆಯದನ್ನೂ ತಿರುಗಿಸಿ, ದಾರಗಳನ್ನೆಲ್ಲ ಬಾಗಿಲಲ್ಲಿ ನಿಂತ ಮಕ್ಕಳ ಕೈಗೆ ಎಟಕುವ ಹಾಗೆ ಹಲಗೆಯಿಂದ ಕೆಳಕ್ಕೆ ಇಳಿಬಿಟ್ಟಳು.